ಸಿಡಿಲು ಹಚ್ಚಿದ ಬೆಂಕಿ: ಉರಿಯಲು ಬಿಡಬೇಕೇ, ಆರಿಸಬೇಕೇ?

ಅಮೆರಿಕದ ದೂರದ ಕಾಡುಗಳಲ್ಲಿ, ಯೆಲ್ಲೋಸ್ಟೋನ್, ಯೊಸೆಮಿಟಿಯಂಥ ರಾಷ್ಟ್ರೀಯ ಉದ್ಯಾನಗಳಲ್ಲಿ, ಸಿಡಿಲಿನಿಂದ ಹೊತ್ತಿದ ಬೆಂಕಿಯನ್ನು ಕೆಲವೊಮ್ಮೆ ಆರಿಸುವುದಿಲ್ಲ. ಕಾವಲಿಟ್ಟು ಉರಿಯಲು ಬಿಡುತ್ತಾರೆ. ಇದು ಸರಿಯೇ?

ಪರ: ಉರಿಯಲಿ ಬಿಡಿ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೂರ್ತಿ ಮನಸ್ಸಿದೆಯಾ ಎಂದು ಕೇಳಿದರೆ, ಮುಕ್ಕಾಲು ಪಾಲು ಇದೆ.

1910ರ ಆಗಸ್ಟ್‌ನಲ್ಲಿ ಐಡಾಹೋ, ಮೊಂಟಾನಾ ರಾಜ್ಯಗಳ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. ಆ ಭಯ ಅಲ್ಲಿನ ಅರಣ್ಯ ಇಲಾಖೆಯನ್ನು ಬಿಡಲೇ ಇಲ್ಲ. 1935ರಲ್ಲಿ ನಿಯಮವನ್ನೇ ಮಾಡಿದರು: ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು. ತಂದರು ಕೂಡ. ಆದರೆ ಸಣ್ಣ ಬೆಂಕಿ ತಿಂದು ಮುಗಿಸಬೇಕಿದ್ದ ಒಣ ಕೊಂಬೆ, ಪೊದೆ, ಒತ್ತೊತ್ತಾಗಿ ಬೆಳೆದ ಸಸಿ ಎಲ್ಲ ಹಾಗೇ ಉಳಿದು ರಾಶಿಯಾಯಿತು. ಆಮೇಲೆ ಬಂದ ಬೆಂಕಿ ನೆಲದ ಮೇಲೆ ಹರಿಯಲಿಲ್ಲ, ಮರದ ತಲೆಗೇ ಏರಿತು. ಸೌದೆ ರಾಶಿ ಹಾಕಿಟ್ಟವರು ನಾವೇ ಅಲ್ವಾ?

1968ರಲ್ಲಿ ರಾಷ್ಟ್ರೀಯ ಉದ್ಯಾನಗಳ ನೀತಿ ಬದಲಾಯಿತು: ಸಿಡಿಲಿನ ಬೆಂಕಿಯನ್ನು ಕಾವಲಿಟ್ಟು ಉರಿಯಲು ಬಿಡಬಹುದು ಎಂದಾಯಿತು. ಯೊಸೆಮಿಟಿಯ ಇಲ್ಲಿಲುವೆಟ್ ಕಣಿವೆಯಲ್ಲಿ 1972ರಿಂದ ಸಿಡಿಲಿನ ಎಷ್ಟೋ ಬೆಂಕಿಗಳನ್ನು ಉರಿಯಲು ಬಿಟ್ಟಿದ್ದಾರೆ. ಅಲ್ಲಿ ಒಂದು ಬೆಂಕಿ ಬಂದು ನಿಂತ ಗಡಿಯಲ್ಲೇ ಎಷ್ಟೋ ಸಲ ಮುಂದಿನದೂ ನಿಂತುಬಿಡುತ್ತದೆ, ಯಾಕಂದರೆ ಆಚೆ ಉರಿಯಲು ಏನೂ ಇಲ್ಲ. ಹುಲ್ಲುಗಾವಲು ಹೆಚ್ಚಿದೆ, ಮಣ್ಣಿನಲ್ಲಿ ತೇವ ಹೆಚ್ಚಿದೆ. ಯೆಲ್ಲೋಸ್ಟೋನ್‌ನ ಲಾಡ್ಜ್‌ಪೋಲ್ ಪೈನ್ ಮರಗಳಲ್ಲಿ ಹಲವಕ್ಕೆ ಬೆಂಕಿಯ ಕಾವಿಲ್ಲದೆ ಕಾಯಿಯೇ ಬಿಚ್ಚುವುದಿಲ್ಲ.

1988ರಲ್ಲಿ ಯೆಲ್ಲೋಸ್ಟೋನ್‌ನ ಮೂರನೇ ಒಂದಕ್ಕಿಂತ ಜಾಸ್ತಿ ಭಾಗ ಸುಟ್ಟಿತಲ್ಲ ಎಂದು ಕೇಳುತ್ತೀರಿ. ಆ ವರ್ಷದ ಅತಿ ದೊಡ್ಡ ಬೆಂಕಿ ಸಿಡಿಲಿನದಲ್ಲ, ಯಾರೋ ಸೇದಿ ಎಸೆದ ಸಿಗರೇಟಿನದು. ಅದನ್ನು ಮೊದಲ ದಿನದಿಂದಲೇ ಆರಿಸಲು ಹೋದರು, ಆಗಲಿಲ್ಲ.

ಹೊಗೆ? ಈಗ ಸ್ವಲ್ಪ, ಇಲ್ಲವೇ ಮುಂದೆ ಜಾಸ್ತಿ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಇಲ್ಲ.

ವಿರೋಧ: ಆ ಹೊಗೆ ಕುಡಿಯುವವರು ಯಾರು?

ಪೈನ್ ಕಾಯಿ ಬಿಚ್ಚಲಿ, ಸಂತೋಷ. ಇವರ ಮಾತು ಕೇಳಿದರೆ ಬೆಂಕಿ ಅನ್ನುವುದು ಕಸ ಗುಡಿಸಲು ಬಂದ ಆಳಿನ ಹಾಗೆ, ಕೆಲಸ ಮುಗಿಸಿ ತಣ್ಣಗೆ ಮನೆಗೆ ಹೋಗುತ್ತದೆ ಅನ್ನಿಸುತ್ತದೆ.

ನಮ್ಮ ಅಕ್ಕ ಇರುವುದು ಮೊಂಟಾನಾದ ಒಂದು ಕಣಿವೆಯ ಊರಿನಲ್ಲಿ. ಒಂದು ಆಗಸ್ಟ್‌ನಲ್ಲಿ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಆಸ್ತಮಾ. ಬೆಂಕಿ ಇದ್ದದ್ದು ಬೆಟ್ಟಗಳ ಆಚೆ, ರಸ್ತೆಯೇ ಇಲ್ಲದ ಕಾಡಿನಲ್ಲಿ. ರಾತ್ರಿ ತಣ್ಣನೆ ಗಾಳಿ ಕೆಳಗಿಳಿದು ಕೂತರೆ ಮೇಲಿನ ಬೆಚ್ಚನೆ ಗಾಳಿ ಅದಕ್ಕೆ ಮುಚ್ಚಳ ಹಾಕುತ್ತದೆ, ಹೊಗೆ ಕಣಿವೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಚೆನ್ನಾಗಿ ಏರುವವರೆಗೆ ಎದುರು ಮನೆ ಕಾಣುತ್ತಿರಲಿಲ್ಲ. ಕಿಟಕಿ ಮುಚ್ಚಿದೆವು, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದೆವು, ಆದರೂ ಅಮ್ಮ ರಾತ್ರಿಯೆಲ್ಲ ಕೂತೇ ಇರುತ್ತಿದ್ದರು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. "ಏನೇ ಇದು, ಇಷ್ಟು ದೂರ ಬಂದು ಒಲೆ ಮುಂದೆ ಕೂರಿಸಿದೆಯಲ್ಲೇ" ಎಂದು ಅಕ್ಕನನ್ನು ಬೈದರು. ಅಕ್ಕ ಒಂದು ಕಚೇರಿಗೆ ಫೋನ್ ಮಾಡಿದಳು. ಅದು ಸಿಡಿಲಿನ ಬೆಂಕಿ ಮೇಡಂ, ಕಾವಲಿದ್ದೇವೆ, ಹತ್ತಿರ ಮನೆಗಳಿಲ್ಲ ಅಂದರಂತೆ. ಮನೆಗಳಿಲ್ಲದ್ದು ಬೆಂಕಿಯ ಹತ್ತಿರ. ಹೊಗೆಯ ಹತ್ತಿರ ಒಂದು ಇಡೀ ಊರೇ ಇತ್ತು! ನಾವು ಟಿಕೆಟ್ ಬದಲಿಸಿ ಬೇಗ ವಾಪಸ್ ಬಂದೆವು. ಅಲ್ಲಿನವರು ಎಲ್ಲಿಗೆ ಹೋಗಬೇಕು?

ಹೊಗೆಯ ಕಣ ಹೆಚ್ಚಾಗಿ 2.5 ಮೈಕ್ರಾನ್‌ಗಿಂತ ಸಣ್ಣದು. ನಮ್ಮ ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಪಾಲೂ ಇಲ್ಲ. ಅದು ಮೂಗಿನಲ್ಲಿ ನಿಲ್ಲುವುದಿಲ್ಲ, ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಸಿಡಿಲಿನಿಂದ ಬಂದ ಹೊಗೆ ಸಹಜವಾದದ್ದು, ಎದೆಗೆ ಒಳ್ಳೆಯದು ಎಂದು ಯಾವ ಡಾಕ್ಟರೂ ಹೇಳಿಲ್ಲ.

ಇನ್ನು ಕಾವಲು. ಮಿನ್ನೆಸೋಟದ ಬೌಂಡರಿ ವಾಟರ್ಸ್ ಕಾಡಿನಲ್ಲಿ 2011ರ ಆಗಸ್ಟ್ 18ಕ್ಕೆ ಸಿಡಿಲಿನಿಂದ ಸಣ್ಣ ಬೆಂಕಿಯೊಂದು ಹೊತ್ತಿತು. ಕಾವಲಿದ್ದರು. ಸೆಪ್ಟೆಂಬರ್ 12ಕ್ಕೆ ಗಾಳಿ ಎದ್ದು ಒಂದೇ ದಿನ 16 ಮೈಲಿ ಓಡಿತು, ಒಟ್ಟು 92,000 ಎಕರೆ ಹೋಯಿತು, ಹೊಗೆ ಷಿಕಾಗೋವರೆಗೆ ಬಂತು. ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ 2025ರ ಜುಲೈ 4ರ ಸಿಡಿಲಿನ ಬೆಂಕಿಯನ್ನೂ ಮೊದಲು ಪೂರ್ತಿ ಆರಿಸದೆ ಒಂದು ಗಡಿಯೊಳಗೆ ಇಡುತ್ತೇವೆ ಅಂದರು. ಒಂದು ವಾರ ಕಳೆಯುವಷ್ಟರಲ್ಲಿ ಗಾಳಿಗೆ ಸಿಕ್ಕಿ, ಕಣಿವೆಯ ಉತ್ತರ ಅಂಚಿನಲ್ಲಿದ್ದ ಹಳೆಯ ಕಲ್ಲಿನ ಲಾಡ್ಜ್ ಸುಟ್ಟು ಬೂದಿಯಾಯಿತು. ಕೊನೆಗೆ ಸುಮಾರು 1,45,000 ಎಕರೆ. ಇನ್ನು ಯೆಲ್ಲೋಸ್ಟೋನ್ 1988: ಹತ್ತಿರ ಹತ್ತಿರ 12 ಕೋಟಿ ಡಾಲರ್ ಸುರಿದರು, ಬೆಂಕಿಯ ಸೊಕ್ಕು ಮುರಿದದ್ದು ಮಾತ್ರ ಸೆಪ್ಟೆಂಬರ್ 11ರ ಹಿಮ. ದೊಡ್ಡದಾದ ಮೇಲೆ ಆಗುವುದಿಲ್ಲ ಅಂತ ಎದುರಿನವರೇ ಹೇಳುತ್ತಿದ್ದಾರಲ್ಲ, ನಾನು ಹೇಳುವುದೂ ಅದೇ, ಸಣ್ಣದಿದ್ದಾಗಲೇ ಆರಿಸಿ.

ಸೌದೆ ರಾಶಿ ಬಿದ್ದಿದೆ, ಸುಡಲೇಬೇಕು ಅಂದರೆ ಸುಡಿ, ಬೇಡ ಅನ್ನುವುದಿಲ್ಲ. ಮಳೆಯೋ ಹಿಮವೋ ಹತ್ತಿರ ಬಂದಾಗ, ಗಾಳಿ ಯಾವ ಕಡೆ ನೋಡಿಕೊಂಡು, ಊರಿನವರಿಗೆ ಮೊದಲೇ ತಿಳಿಸಿ, ನೀವೇ ಬೆಂಕಿ ಇಡಿ. ಜುಲೈ ಬಿಸಿಲಲ್ಲಿ ಸಿಡಿಲು ಬಡಿದ ಜಾಗ, ಬಡಿದ ದಿನವೇ ಸರಿಯಾದ ಮುಹೂರ್ತ ಅಂತ ಸುಮ್ನೆ ಕೂರಬೇಡಿ. ಅಷ್ಟು ದೊಡ್ಡ ಕಾಡಿನ ರಾಶಿಯನ್ನೆಲ್ಲ ಹೀಗೆ ಸುಟ್ಟು ಮುಗಿಸಲು ಆಗುತ್ತದಾ ಅಂತ ಕೇಳಬೇಡಿ, ಅದು ಇಲಾಖೆಯವರ ಲೆಕ್ಕ.