ಗೋಲಿಯ ಚಿತ್ರ ಬದಲಿಸಿದರೆ ಮಾಡ್ ಆಗಲ್ಲ

ಜೂಮಾ, ಲಕ್ಸರ್ ಅಂದರೆ ದಾರಿ ಹಿಡಿದು ಗುಂಡಿಯ ಕಡೆ ಸಾಗೋ ಬಣ್ಣದ ಗೋಲಿಗಳ ಸಾಲಿಗೆ ಗೋಲಿ ಹಾರಿಸಿ, ಒಂದೇ ಬಣ್ಣದ ಮೂರು ಸೇರಿಸಿ ಒಡೆಯೋ ಕಂಪ್ಯೂಟರ್ ಆಟಗಳು. ಇಂಥ ಆಟಗಳಿಗೆ ಮಾಡ್ (ಆಟಗಾರರೇ ಮಾಡೋ ಬದಲಾವಣೆ) ಅಂತ ಬರೋದರಲ್ಲಿ ಮುಕ್ಕಾಲು ಪಾಲು ಹಳೇ ಗೋಡೆಗೆ ಹೊಸ ಸುಣ್ಣ. ಗೋಲಿ ಇದ್ದ ಕಡೆ ಹಣ್ಣು, ಈಜಿಪ್ಟ್ ಇದ್ದ ಕಡೆ ಸಮುದ್ರ, ಹಿಂದೆ ಬೇರೆ ಸಂಗೀತ. ಐದು ನಿಮಿಷ ಆಡಿದರೆ ಕೈಗೆ ಸಿಗೋದು ಅದೇ ಹಳೇ ಆಟ. ಎಂಜಿನ್, ಅಂದರೆ ಆಟವನ್ನು ನಡೆಸೋ ಒಳಗಿನ ಕೋಡ್, ಮುಚ್ಚಿದ್ದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಅನ್ನಿ. ಈಗ ಎಂಜಿನ್ನೇ ತೆರೆದಿಟ್ಟಿದ್ದಾರೆ, ಆದರೂ ನಾವು ಸುಣ್ಣದ ಡಬ್ಬ ಬಿಡ್ತಿಲ್ಲ.

ಈ ಜಾತಿಯ ಆಟಕ್ಕೆ ದಾರಿ ಹಾಕಿದ್ದು 1998ರಲ್ಲಿ ಜಪಾನಿನ ಮಿಚೆಲ್ ಕಾರ್ಪೊರೇಷನ್ ಆರ್ಕೇಡಿಗೆ ತಂದ ಪಝ್ ಲೂಪ್. ಪಾಪ್‌ಕ್ಯಾಪ್‌ನ ಜೂಮಾ 2003ರದ್ದು, ಮಂಬೊಜಂಬೊದ ಲಕ್ಸರ್ 2005ರದ್ದು. ಜೂಮಾದಲ್ಲಿ ಕಪ್ಪೆ ಕೂತಲ್ಲೇ ಸುತ್ತುತ್ತೆ, ಲಕ್ಸರ್‌ನಲ್ಲಿ ಗೋಲಿ ಹಾರಿಸೋ ಸಾಧನ ಪರದೆಯ ಕೆಳಗೆ ಎಡಬಲ ಓಡಾಡುತ್ತೆ. ಉಳಿದಂತೆ ಮೂಳೆ ಒಂದೇ. ಈ ಮೂಳೆಯನ್ನೇ ಬಿಡಿಸಿಟ್ಟಿರೋದು ಓಪನ್‌ಎಸ್‌ಎಂಸಿಇ, ಅಂದರೆ ಓಪನ್ ಸೋರ್ಸ್ ಸ್ಫಿಯರ್ ಮ್ಯಾಚರ್ ಕಮ್ಯುನಿಟಿ ಎಂಜಿನ್. ಲುವಾ ಭಾಷೆಯಲ್ಲಿ, ಲವ್ ಅನ್ನೋ, 2ಡಿ ಆಟ ಕಟ್ಟೋ ಫ್ರೇಮ್‌ವರ್ಕ್ ಮೇಲೆ ಬರೆದದ್ದು. ಆಟದ ನಿಯಮ, ಹಂತ, ಬಣ್ಣ ಎಲ್ಲ ಜೇಸನ್ ಅನ್ನೋ ಪಠ್ಯದ ಫೈಲುಗಳಲ್ಲಿ. ಲಕ್ಸರ್‌ನ ಚಿತ್ರ, ಸದ್ದು ಇದರ ಜೊತೆ ಬರಲ್ಲ. ನೀವು ಕೊಂಡ ಮೂಲ ಆಟದ ಫೈಲುಗಳನ್ನು ಪರಿವರ್ತಿಸಿಕೊಂಡು ಆಡಬೇಕು. ಅದು ಸರಿಯೇ. ಎಂಜಿನ್ ತೆರೆದಿದೆ ಅಂದ ಮಾತ್ರಕ್ಕೆ ಇನ್ನೊಬ್ಬರು ಬಿಡಿಸಿದ ಚಿತ್ರ ನಮ್ಮದಾಗಲ್ಲ. ಪರಿವರ್ತಿಸಿದ ಫೋಲ್ಡರನ್ನು ಜಿಪ್ ಮಾಡಿ ಡ್ರೈವ್ ಲಿಂಕ್ ಹಂಚೋರು ಇಂಥ ಎಂಜಿನ್ನಿಗೇ ಕುತ್ತು ತರ್ತಾರೆ.

ಇನ್ನು ಮೂಳೆಯ ವಿಷಯ. ಒಂದು ಹೊಡೆತವನ್ನು ನಿಧಾನಕ್ಕೆ ಬಿಡಿಸಿ ನೋಡಿ. ಗೋಲಿಯ ಅಗಲ 32 ಪಿಕ್ಸೆಲ್ ಅಂತಿಟ್ಟುಕೊಳ್ಳೋಣ. ಹಾರಿ ಬಂದ ಗೋಲಿಯ ನಡುಬಿಂದು ಸಾಲಿನ ಯಾವುದೋ ಗೋಲಿಯ ನಡುಬಿಂದುವಿಗೆ 32 ಪಿಕ್ಸೆಲ್‌ಗಿಂತ ಹತ್ತಿರವಾದರೆ ತಗುಲಿತು ಅಂತ ಲೆಕ್ಕ. ಅದು ಆ ಗೋಲಿಯ ಮುಂದೆ ಕೂರಬೇಕೋ ಹಿಂದೆಯೋ? ಆ ಜಾಗದಲ್ಲಿ ದಾರಿ ಯಾವ ಕಡೆಗೆ ಹೊರಟಿದೆ ನೋಡಿ, ಬಂದದ್ದು ಮುಂಬದಿಯಲ್ಲಿದ್ದರೆ ಮುಂದೆ, ಹಿಂಬದಿಯಲ್ಲಿದ್ದರೆ ಹಿಂದೆ. ಆಮೇಲೆ ಮುಂದಿನ ಗೋಲಿಗಳೆಲ್ಲ 32 ಪಿಕ್ಸೆಲ್ ಸರಿದು ಜಾಗ ಬಿಡಬೇಕು, ಅದೂ ಕಣ್ಣಿಗೆ ಕಾಣುವಷ್ಟು ಹೊತ್ತು ತಗೊಂಡು. ಪೂರ್ತಿ ಕೂತ ಮೇಲೆ ಎಣಿಕೆ. ಮೂರಾದರೆ ಒಡೆತ, ಸಾಲು ಎರಡು ತುಂಡು. ಹಿಂದಿನ ತುಂಡು ತಳ್ಳಿಕೊಂಡು ಬರ್ತಾನೇ ಇರುತ್ತೆ, ಮುಂದಿನದು ನಿಂತಲ್ಲೇ ನಿಲ್ಲುತ್ತೆ. ತುಂಡಾದ ಎರಡೂ ತುದಿಯ ಬಣ್ಣ ಒಂದೇ ಇದ್ದರೆ ಮುಂದಿನದು ಹಿಂದಕ್ಕೆ ಸೆಳೆದುಕೊಂಡು ಬಂದು ಬಡಿಯುತ್ತೆ, ಬಡಿದ ಕೂಡಲೇ ಮತ್ತೆ ಎಣಿಕೆ. ಕಾಂಬೊ, ಅಂದರೆ ಒಂದೇ ಹೊಡೆತಕ್ಕೆ ಒಂದರ ಹಿಂದೆ ಒಂದು ಒಡೆತ, ಹುಟ್ಟೋದು ಇಲ್ಲೇ.

ಆ ಸೆಳೆತ ಒಂದೇ ವೇಗದಲ್ಲಿ ನಡೆದರೆ ಲಿಫ್ಟ್ ಇಳಿದ ಹಾಗಿರುತ್ತೆ. ವೇಗ ಏರ್ತಾ ಏರ್ತಾ ಬಂದು, ಬಡಿದಾಗ ಹಿಂದಿನ ತುಂಡನ್ನೂ ಚೂರು ಹಿಂದಕ್ಕೆ ನೂಕಿದರೆ ಟಕ್ ಅಂದ ಹಾಗಿರುತ್ತೆ, ಸದ್ದು ಬಂದ್ ಮಾಡಿದ್ದರೂ. ನನ್ನ ಪ್ರಕಾರ ಈ ಆಟದ ರುಚಿಯಲ್ಲಿ ಅರ್ಧ ಇಷ್ಟರಲ್ಲೇ ಇದೆ. ಮಾಡ್ ಮಾಡೋರು ಮೊದಲು ಕೈ ಹಾಕಬೇಕಾದ್ದು ಇಂಥ ಅಂಕಿಗಳಿಗೆ, ಹಿನ್ನೆಲೆ ಚಿತ್ರಕ್ಕಲ್ಲ.

ಅಂಕಿ ಅಂದೆನಲ್ಲ, ಹಂತ ಕಟ್ಟುವಾಗ ಎಲ್ಲರೂ ಎಡವೋ ಲೆಕ್ಕ ಇದು. ದಾರಿಯ ಉದ್ದ 3000 ಪಿಕ್ಸೆಲ್, 60 ಗೋಲಿಯ ಸಾಲು. ಸಾಲೇ 1920 ಪಿಕ್ಸೆಲ್ ಆಯ್ತು. ನಡುವೆ ಒಂದೂ ಒಡೆಯದಿದ್ದರೆ, ಬಾಲ ಪರದೆಯೊಳಗೆ ಬರೋ ಹೊತ್ತಿಗೆ ತಲೆಯ ಮುಂದೆ ಉಳಿದದ್ದು 1080. ಸೆಕೆಂಡಿಗೆ 20 ಪಿಕ್ಸೆಲ್ ನಡೆದರೆ ಆಟಗಾರನಿಗೆ 54 ಸೆಕೆಂಡ್. ‘ಸ್ವಲ್ಪ ಕಷ್ಟ ಮಾಡೋಣ’ ಅಂತ ಗೋಲಿ 70 ಮಾಡಿದರೆ ಉಳಿಯೋದು 760 ಪಿಕ್ಸೆಲ್, 38 ಸೆಕೆಂಡ್. ಹತ್ತೇ ಗೋಲಿ ಹೆಚ್ಚಿಸಿದ್ದು, ಹೋದದ್ದು 16 ಸೆಕೆಂಡ್! ಅದಕ್ಕೇ ವೇಗವನ್ನು ಒಂದೇ ಅಂಕಿಯಾಗಿ ಇಡಬೇಡಿ. ಶುರುವಿನಲ್ಲಿ ದಬದಬ ಒಳಗೆ ಬರಲಿ, ನಡುವೆ ನಿಧಾನ, ಗುಂಡಿಯ ಹತ್ತಿರ ಇನ್ನೂ ನಿಧಾನ. ಒಂದು ವೇಗದಿಂದ ಇನ್ನೊಂದಕ್ಕೆ ಜಾರಿಸಿಕೊಂಡು ಹೋಗಿ. ತಟ್ಟನೆ ಬದಲಿಸಿದರೆ ಹಂಪ್ ಮೇಲೆ ಹತ್ತಿದ ಬಸ್ಸಿನ ಹಾಗೆ ಇಡೀ ಸಾಲು ಕುಲುಕುತ್ತೆ.

ಬಣ್ಣದ್ದೂ ಹೀಗೇ. 50 ಗೋಲಿಯ ಸಾಲಲ್ಲಿ ಅಕ್ಕಪಕ್ಕದ ಜೋಡಿ 49. ಪೂರ್ತಿ ಲಾಟರಿ ಎತ್ತಿದ ಹಾಗೆ ಬಣ್ಣ ಹಂಚಿದರೆ, 4 ಬಣ್ಣದಲ್ಲಿ ಸರಾಸರಿ 12 ಜೋಡಿ ಒಂದೇ ಬಣ್ಣದ್ದಿರುತ್ತವೆ, 6 ಬಣ್ಣದಲ್ಲಿ 8. ಒಂದೇ ಏಟಿಗೆ ಒಡೆಯೋ ಗುರಿ ಅಂದರೆ ಈ ಸಿದ್ಧ ಜೋಡಿಗಳೇ. ಉಳಿದ ಕಡೆ ಎರಡು ಏಟು ಬೇಕು. ಬಣ್ಣ ಹೆಚ್ಚಿಸಿಯೂ ಆಟ ಉಸಿರುಗಟ್ಟಬಾರದು ಅಂದರೆ ‘ಹಿಂದಿನ ಬಣ್ಣವೇ ಮತ್ತೆ ಬರೋ ಸಾಧ್ಯತೆ’ ಅಂತ ಒಂದು ಅಂಕಿ ಇಟ್ಟುಕೊಳ್ಳಿ. ಅದು ಶೇಕಡ 40 ಇದ್ದು, ಉಳಿದ 60ರಲ್ಲಿ ಆರೂ ಬಣ್ಣಕ್ಕೆ ಸಮಪಾಲು ಕೊಟ್ಟರೆ ಹತ್ತತ್ರ ಅರ್ಧದಷ್ಟು ಜೋಡಿ ಒಂದೇ ಬಣ್ಣದ್ದಾಗುತ್ತೆ. ಆಗ ಮೂರು ನಾಲ್ಕು ಒಟ್ಟಿಗೆ ಬರೋದೂ ಹೆಚ್ಚುತ್ತೆ, ಆದ್ದರಿಂದ ಒಂದೇ ಬಣ್ಣ ಸತತ ಎಷ್ಟು ಬರಬಹುದು ಅನ್ನೋದಕ್ಕೆ ಮಿತಿ ಹಾಕಿ. ಹಾರಿಸೋ ಗೋಲಿಗೂ ಒಂದು ನಿಯಮ ಬೇಕೇ ಬೇಕು: ಸಾಲಲ್ಲಿ ಉಳಿದಿರೋ ಬಣ್ಣಗಳಿಂದ ಮಾತ್ರ ಆರಿಸೋದು. ಕೊನೆಗೆ ಎರಡು ಕೆಂಪು ಉಳಿದಿರುವಾಗ ನೀಲಿ ಮೇಲೆ ನೀಲಿ ಕೊಡೋ ಆಟವನ್ನು ಯಾರೂ ಎರಡನೇ ಸಲ ತೆಗೆಯಲ್ಲ.

ದಾರಿ ಎಳೆಯೋರಿಗೆ ಒಂದು ಮಾತು. ಬೆಜಿಯರ್ ಗೆರೆಯ (ಕೆಲವೇ ಬಿಂದುಗಳಿಂದ ಎಳೆಯೋ ಬಾಗಿದ ಗೆರೆ) ಪ್ಯಾರಾಮೀಟರನ್ನೇ, ಅಂದರೆ 0ಯಿಂದ 1ಕ್ಕೆ ಏರೋ ಅಂಕಿಯನ್ನೇ, ದೂರ ಅಂದುಕೊಂಡರೆ ಗೋಲಿಗಳು ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಬಿಟ್ಟುಕೊಂಡು ಓಡ್ತವೆ. ಗೆರೆಯನ್ನು ಸಣ್ಣ ತುಂಡು ಮಾಡಿ, ಶುರುವಿನಿಂದ ಅಲ್ಲಿವರೆಗಿನ ಉದ್ದ ಕೂಡಿಸಿ ಪಟ್ಟಿ ಮಾಡಿಟ್ಟುಕೊಂಡು, ಅದರಿಂದ ಜಾಗ ಹುಡುಕಬೇಕು. ತಿರುವಿನ ತ್ರಿಜ್ಯ 20 ಪಿಕ್ಸೆಲ್ಲಿಗೆ ಇಳಿದರೆ, ದಾರಿಯಲ್ಲಿ 32 ಅಂತರ ಇದ್ದರೂ ನೇರ ಅಂತರ 29ರ ಒಳಗೆ ಬಂದು ಗೋಲಿಗಳು ಒಂದರ ಮೇಲೊಂದು ಹತ್ತಿದ ಹಾಗೆ ಕಾಣುತ್ತೆ. ತಪ್ಪು ಕೋಡ್‌ನದ್ದಲ್ಲ, ತಿರುವಿನದ್ದು.

‘ಗೋಲಿ ಸಾಲನ್ನೇ ತೂರಿಕೊಂಡು ಹೋಗುತ್ತೆ’ ಅನ್ನೋ ದೂರು ಹಳೇ ಲ್ಯಾಪ್‌ಟಾಪ್ ಇರೋರಿಂದಲೇ ಹೆಚ್ಚು ಬರುತ್ತೆ, ಯಾಕೆ ಅಂತ ನೋಡಿ. ಸೆಕೆಂಡಿಗೆ 1200 ಪಿಕ್ಸೆಲ್ ಹಾರೋ ಗೋಲಿ, ಪರದೆ ಸೆಕೆಂಡಿಗೆ 60 ಸಲ (60 ಫ್ರೇಮ್) ಬದಲಾದರೆ, ಒಂದು ಹೆಜ್ಜೆಗೆ 20 ಪಿಕ್ಸೆಲ್ ಇಡುತ್ತೆ. ಕಂಪ್ಯೂಟರ್ ತಡವರಿಸಿ ಒಂದು ಫ್ರೇಮ್ 50 ಮಿಲಿಸೆಕೆಂಡ್ ತಗೊಂಡರೆ ಹೆಜ್ಜೆ 60 ಪಿಕ್ಸೆಲ್. ಎರಡು ಗೋಲಿಗಳ ಸಂದಿಗೆ ನೇರ ಹೊಡೆದಾಗ ತಗುಲೋ ವಲಯದ ದಪ್ಪ 55 ಅಷ್ಟೇ, ಹಾರಿಯೇ ಹೋಯ್ತು. ತೂರದಿದ್ದರೂ ತಪ್ಪು ಬದಿಯಲ್ಲಿ ಕೂರೋದು ಇದೇ ಕಾರಣಕ್ಕೆ. ಹೆಜ್ಜೆಯನ್ನು 8-10 ಪಿಕ್ಸೆಲ್‌ನ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ತಗುಲಿತಾ ಅಂತ ನೋಡಿದರೆ ಸಮಸ್ಯೆ ತೀರಿತು.

ಫೈಲುಗಳ ಕಾಟ ಬೇರೆ. ಜೇಸನ್‌ನಲ್ಲಿ ಪಟ್ಟಿಯ ಕೊನೆಯ ಅಂಶದ ನಂತರ ಅಲ್ಪವಿರಾಮ ಉಳಿದರೆ ಕೆಲಸ ಕೆಟ್ಟಿತು, ಟಿಪ್ಪಣಿ ಬರೆಯೋ ಹಾಗೂ ಇಲ್ಲ. ಹಳೇ ನೋಟ್‌ಪ್ಯಾಡ್ ಫೈಲಿನ ಶುರುವಿಗೆ ಕಾಣದ ಬಿಒಎಂ ಗುರುತು ಸೇರಿಸಿ, ಮೊದಲ ಅಕ್ಷರದಲ್ಲೇ ದೋಷ ಅನ್ನಿಸುತ್ತೆ. ವಿಂಡೋಸ್ ಫೋಲ್ಡರಿನಲ್ಲಿ ಚೆನ್ನಾಗಿ ಓಡಿದ ಮಾಡ್ ಲಿನಕ್ಸ್‌ನಲ್ಲೋ ಜಿಪ್ ಒಳಗೋ ‘ಚಿತ್ರ ಸಿಗ್ಲಿಲ್ಲ’ ಅಂದರೆ, ಫೈಲಿನ ಹೆಸರಿನ ದೊಡ್ಡ ಸಣ್ಣ ಇಂಗ್ಲಿಷ್ ಅಕ್ಷರ ನೋಡಿ. ಹತ್ತಕ್ಕೆ ಒಂಬತ್ತು ಸಲ ಅದೇ. ಎಲ್ಲ ಹೆಸರನ್ನೂ ಸಣ್ಣಕ್ಷರದಲ್ಲೇ ಇಡೋದು ವಾಸಿ. ಲವ್‌ನ ಹಳೇ ಪಾಠ ನೋಡಿ ಬಣ್ಣಕ್ಕೆ 255 ಅಂತ ಬರೆದು ಎಲ್ಲ ಬೆಳ್ಳಗಾಯ್ತು ಅನ್ನೋರಿಗೆ: 11ನೇ ಆವೃತ್ತಿಯಿಂದ ಬಣ್ಣದ ಅಳತೆ 0ಯಿಂದ 1ರವರೆಗೆ.

ಕನ್ನಡದಲ್ಲಿ ಮಾಡ್ ಮಾಡಬೇಕು ಅನ್ನೋರು ಮೊದಲ ದಿನವೇ ಮುಗ್ಗರಿಸೋ ಜಾಗ ಒಂದಿದೆ. ಲವ್ 11 ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತೆ ಅಷ್ಟೇ, ಒತ್ತಕ್ಷರ ಜೋಡಿಸೋದು ಅದಕ್ಕೆ ಬರಲ್ಲ. ‘ಅಭ್ಯಾಸ’ ಅಂತ ಬರೆದರೆ ಭ, ಹಲಂತದ ಗುರುತು, ಯ ಬೇರೆಬೇರೆಯಾಗಿ ನಿಲ್ತವೆ. ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ತಪ್ಪು ಫಾಂಟಿನದ್ದಲ್ಲ. 12ನೇ ಆವೃತ್ತಿಗೆ ಒತ್ತಕ್ಷರ ಜೋಡಿಸೋ ಹಾರ್ಫ್‌ಬಝ್ ಅನ್ನೋ ತಂತ್ರಾಂಶ ಸೇರಿಸಿದ್ದಾರೆ, ಎಂಜಿನ್ ಅದರ ಮೇಲೆ ಓಡಿದಾಗ ಈ ತಲೆನೋವು ಹೋಗಬೇಕು. ಅಲ್ಲಿವರೆಗೆ ಮೆನು, ಹಂತದ ಹೆಸರು, ‘ಗೆದ್ದಿರಿ’ ಥರದ ಬದಲಾಗದ ಮಾತುಗಳನ್ನು ಚಿತ್ರ ಬಿಡಿಸೋ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕ ಮಾಡಿ ಪಿಎನ್‌ಜಿ ಚಿತ್ರವಾಗಿ ಹಾಕಿ. ಅಂಕದ ಲೆಕ್ಕಕ್ಕೆ ಅಷ್ಟು ಕಷ್ಟ ಬೇಡ. ಕನ್ನಡ ಅಂಕಿಗಳಿಗೆ ಒತ್ತೂ ಇಲ್ಲ, ಕೊಂಬೂ ಇಲ್ಲ, ಇದ್ದ ಹಾಗೇ ಸರಿಯಾಗಿ ಮೂಡ್ತವೆ.