ಯುದ್ಧ ಮುಗಿದರೂ ಮುಗಿಯದ ಕಾನೂನುಗಳು

ಕ್ಯಾಲಿಫೋರ್ನಿಯಾದಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ಪೂರ್ವದ ಬುಡದಲ್ಲಿ ಮಾಂಜನಾರ್ ಎಂಬ ಜಾಗವಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಜನರನ್ನು ಕೂಡಿಹಾಕಿದ್ದ ಶಿಬಿರ, ಈಗ ಅದು ಸ್ಮಾರಕ. 395ನೇ ಹೆದ್ದಾರಿಯಲ್ಲಿ ಹೋಗುವಾಗ ಒಂದು ಕಾವಲು ಗೋಪುರ ಕಾಣುತ್ತದೆ. ಒಳಗೆ ಹಲಗೆ ಹೊಡೆದ ಉದ್ದನೆಯ ಶೆಡ್ಡುಗಳು, ಬೀಸುವ ಗಾಳಿ, ಧೂಳು. ಹೆಂಗಸರ ಶೌಚಾಲಯವೊಂದನ್ನು ಆಗ ಇದ್ದ ಹಾಗೆಯೇ ಮತ್ತೆ ಕಟ್ಟಿ ಇಟ್ಟಿದ್ದಾರೆ. ಕಮೋಡುಗಳ ಸಾಲು. ನಡುವೆ ಒಂದು ಅಡ್ಡಗೋಡೆಯೂ ಇಲ್ಲ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಎರಡೂವರೆ ತಿಂಗಳಾಗಿತ್ತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಇಂಥ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಮೆರಿಕದ ಪ್ರಜೆಗಳೇ. ಆರೋಪ ಇಲ್ಲ, ವಿಚಾರಣೆ ಇಲ್ಲ. ಮುಖ ನೋಡಿ ಒಳಗೆ ಹಾಕಿದರು.

ನಮ್ಮ ದೇಶದಲ್ಲೂ ಹೀಗೆ ಆಗಿತ್ತಾ ಅಂತ ಅಲ್ಲಿಂದ ಬಂದ ಮೇಲೆ ಹುಡುಕಿದೆ. ಆಗಿತ್ತು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಚೀನಿ ಮೂಲದ ಸುಮಾರು 3000 ಜನರನ್ನು ರೈಲಿಗೆ ಹತ್ತಿಸಿ ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಕಳಿಸಿದರು. ಎಷ್ಟೋ ಜನ ಭಾರತದಲ್ಲೇ ಹುಟ್ಟಿ ಬೆಳೆದವರು. ಮಕ್ಕಳೂ ಇದ್ದರು, ಮುದುಕರೂ ಇದ್ದರು. ಆ ಯುದ್ಧ ನಡೆದದ್ದು ಒಂದು ತಿಂಗಳು. ಶಿಬಿರದಲ್ಲಿ ಕೆಲವರು 1967ರ ತನಕ ಇದ್ದರು. ಯುದ್ಧದ ಬಗ್ಗೆ ಶಾಲೆಯಲ್ಲಿ ಓದಿದ್ದೆ. ದೇವಲಿಯ ಹೆಸರು ಮಾತ್ರ ನಾನು ಕೇಳಿದ್ದು ಹೊರದೇಶಕ್ಕೆ ಬಂದ ಮೇಲೆ.

ಎರಡು ದೇಶ, ಇಪ್ಪತ್ತು ವರ್ಷದ ಅಂತರ, ಒಂದೇ ತಪ್ಪು. ಆದರೆ ಆಮೇಲೆ ಎರಡೂ ದೇಶಗಳು ನಡೆದ ದಾರಿ ಬೇರೆ ಬೇರೆ. ನನಗೆ ಹೇಳಬೇಕಾಗಿರುವುದು ಅದನ್ನೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದೇಶದ ಮೇಲೆ ದಾಳಿಯಾದಾಗ ಸರ್ಕಾರಕ್ಕೆ ಜಾಸ್ತಿ ಅಧಿಕಾರ ಬೇಕಾಗುತ್ತದೆ. ಬೇಹುಗಾರರು ಇರುತ್ತಾರೆ, ಬಾಂಬ್ ಇಡುವವರೂ ಇರುತ್ತಾರೆ. ಭಯ ಸುಳ್ಳಲ್ಲ. ನನ್ನ ತಕರಾರು ಅಧಿಕಾರ ತೆಗೆದುಕೊಳ್ಳುವುದರ ಬಗ್ಗೆ ಅಲ್ಲ, ಅದನ್ನು ವಾಪಸ್ ಕೊಡುವ ದಿನ ಗೊತ್ತು ಮಾಡದೆ ಇರುವುದರ ಬಗ್ಗೆ. 1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಿಸಿದರು. ನವೆಂಬರ್‌ನಲ್ಲೇ ಕದನ ನಿಂತಿತು. ಘೋಷಣೆ ಹಿಂದಕ್ಕೆ ಹೋಗಿದ್ದು 1968ರ ಜನವರಿಯಲ್ಲಿ. 1971ರ ಬಾಂಗ್ಲಾ ಯುದ್ಧ ಎರಡು ವಾರದೊಳಗೆ ಮುಗಿಯಿತು. ಅದಕ್ಕೆಂದು ಘೋಷಿಸಿದ ತುರ್ತು ಪರಿಸ್ಥಿತಿ 1977ರ ಮಾರ್ಚ್‌ವರೆಗೆ ಇತ್ತು. ಅದು ಚಾಲ್ತಿಯಲ್ಲಿ ಇರುವಾಗಲೇ, 1975ರ ಜೂನ್‌ನಲ್ಲಿ, ಅದರ ಮೇಲೆ ಇನ್ನೊಂದು ತುರ್ತು ಪರಿಸ್ಥಿತಿ ಬಂತು. ಆ ಎರಡನೆಯದು ಮಾತ್ರ ನಮಗೆಲ್ಲ ನೆನಪಿದೆ, ಅಲ್ವಾ?

ಇಂಥ ಹೊತ್ತಿನಲ್ಲಿ ಕೋರ್ಟ್ ಕಾಪಾಡುತ್ತದೆ ಅಂತ ನಾವು ನಂಬಿಕೊಂಡಿರುತ್ತೇವೆ. ಆದರೆ ಕೋರ್ಟಿಗೂ ಭಯವಾಗುತ್ತದೆ. ಓಕ್ಲೆಂಡಿನ ಫ್ರೆಡ್ ಕೊರೆಮಾಟ್ಸು ವೆಲ್ಡಿಂಗ್ ಕೆಲಸದ ಹುಡುಗ. ಶಿಬಿರಕ್ಕೆ ಹೋಗಲು ಒಪ್ಪಲಿಲ್ಲ. ಬಂಧನವಾಯಿತು, ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1944ರಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು, ಮೂವರು ವಿರುದ್ಧ. ಆ ಮೂವರಲ್ಲಿ ಒಬ್ಬರಾದ ಜ್ಯಾಕ್ಸನ್ ಅವರ ಎಚ್ಚರಿಕೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಇಂಥ ತೀರ್ಪು ಗುಂಡು ತುಂಬಿಟ್ಟ ಬಂದೂಕಿನ ಹಾಗೆ ಬಿದ್ದಿರುತ್ತದೆ, ತುರ್ತು ಅಂತ ನಂಬಿಸಬಲ್ಲ ಯಾವ ಅಧಿಕಾರಿಯ ಕೈಗಾದರೂ ಸಿಗುತ್ತದೆ ಎಂದರು. ನಲವತ್ತು ವರ್ಷದ ಹತ್ತಿರ ಕಳೆದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಜಪಾನಿ ಮೂಲದವರಿಂದ ಅಂಥ ಅಪಾಯವಿಲ್ಲ ಎಂಬ ವರದಿಗಳು ಸರ್ಕಾರದ ಕೈಯಲ್ಲೇ ಇದ್ದವು. ಅವನ್ನು ಕೋರ್ಟಿಗೆ ತೋರಿಸಿರಲಿಲ್ಲ. 1983ರಲ್ಲಿ ಕೊರೆಮಾಟ್ಸು ಅವರ ಶಿಕ್ಷೆ ರದ್ದಾಯಿತು. ಆ ತೀರ್ಪು ಕೊಟ್ಟ ದಿನವೇ ತಪ್ಪಾಗಿತ್ತು ಅಂತ ಸುಪ್ರೀಂ ಕೋರ್ಟ್ ಬಾಯಿಬಿಟ್ಟು ಹೇಳಿದ್ದು 2018ರಲ್ಲಿ.

ನಮ್ಮ ಕಥೆಯೂ ಇದೇ. 1976ರ ಏಪ್ರಿಲ್ 28, ಎಡಿಎಂ ಜಬಲ್ಪುರ ಕೇಸು. ವಿಚಾರಣೆ ಇಲ್ಲದೆ ಬಂಧಿಸಲು ಬಳಸಿದ ಮೀಸಾ ಕಾಯ್ದೆಯಡಿ ಒಳಗೆ ಹಾಕಿದವರು ತುರ್ತು ಪರಿಸ್ಥಿತಿ ಇರುವಷ್ಟು ದಿನ ಬಿಡುಗಡೆ ಕೇಳಿ ಹೈಕೋರ್ಟಿಗೆ ಹೋಗುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ನಾಲ್ವರು ಹೇಳಿದರು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಕೇಳಿದ್ದರು: ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವ ತನಕ ಇಲ್ಲ ಎಂಬ ಉತ್ತರ ಬಂತು. ಐವರಲ್ಲಿ ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. 1977ರ ಜನವರಿಯಲ್ಲಿ ಅವರ ಸರದಿ ತಪ್ಪಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟು ಹೊರಟರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಅಷ್ಟರಲ್ಲಿ 41 ವರ್ಷ ಆಗಿತ್ತು. ಜೈಲಿನಲ್ಲಿ ಕೂತವರಿಗೆ ಅದರಿಂದ ಏನು ಸಿಕ್ಕಿತು?

ಹಾಗಾಗಿ ಕಾವಲನ್ನು ಶಾಂತಿ ಇರುವಾಗಲೇ ಬರೆದಿಡಬೇಕು. ಈ ವಿಷಯದಲ್ಲಿ ಭಾರತ ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದಿದೆ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. 1978ರ 44ನೇ ತಿದ್ದುಪಡಿ ಬಂದ ಮೇಲೆ, ಎಂಥ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿ ಕೊಟ್ಟ ಜೀವದ ಹಕ್ಕು ಮತ್ತು ಸ್ವಾತಂತ್ರ್ಯಕ್ಕಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ. ಘೋಷಣೆಗೆ ಸಂಪುಟದ ತೀರ್ಮಾನ ಬರಹದಲ್ಲೇ ಇರಬೇಕು. ಆರು ತಿಂಗಳಿಗೊಮ್ಮೆ ಸಂಸತ್ತು ಮತ್ತೆ ಒಪ್ಪಬೇಕು. ಜೈಲು ಕಂಡು ಬಂದವರು ಸಂಸತ್ತಿನಲ್ಲಿ ಕೂತು ಬರೆದ ತಿದ್ದುಪಡಿ ಅದು. ಅಮೆರಿಕದ ಸಂವಿಧಾನದಲ್ಲಿ ಇಷ್ಟು ಗಟ್ಟಿ ಮಾತಿಲ್ಲ. ದಂಗೆ ಅಥವಾ ದಾಳಿಯ ಹೊತ್ತಿನಲ್ಲಿ ಹೇಬಿಯಸ್ ಕಾರ್ಪಸ್ ಅನ್ನೇ, ಅಂದರೆ ಬಂಧನ ಸರಿಯೇ ಅಂತ ಕೋರ್ಟಿನಲ್ಲಿ ಕೇಳುವ ಹಕ್ಕನ್ನೇ, ತಡೆಹಿಡಿಯಬಹುದು ಅಂತ ಅಲ್ಲಿ ಬರೆದಿದೆ.

ಆದರೆ ನಮ್ಮ ಸಂವಿಧಾನದ 22ನೇ ವಿಧಿಯ ಬಗ್ಗೆ ಇಲ್ಲಿಯ ಸ್ನೇಹಿತರಿಗೆ ವಿವರಿಸುವಾಗ ನನಗೆ ಮುಜುಗರವಾಗುತ್ತದೆ. ತಪ್ಪು ಮಾಡದವನನ್ನೂ, ಮುಂದೆ ಮಾಡಬಹುದು ಅಂತ ಒಳಗೆ ಹಾಕುವುದಕ್ಕೆ ಅಲ್ಲಿ ಅವಕಾಶವಿದೆ. ಯುದ್ಧವೇ ಬೇಕಿಲ್ಲ, ಸುಮ್ನೆ ಶಾಂತಿಯ ದಿನಗಳಲ್ಲೂ ಸಾಧ್ಯ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ 12 ತಿಂಗಳವರೆಗೆ ಇಡಬಹುದು. ಬಂಧನಕ್ಕೆ ಕಾರಣ ಇದೆಯೇ ಅಂತ ನೋಡುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಇಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಮಾತೂ ಅದೇ 44ನೇ ತಿದ್ದುಪಡಿಯಲ್ಲಿತ್ತು. ಸಂಸತ್ತು ಒಪ್ಪಿದ ಆ ಸೆಕ್ಷನ್ 3 ಅನ್ನು ಯಾವ ಸರ್ಕಾರವೂ ಜಾರಿಗೆ ತರಲಿಲ್ಲ. ಎಲ್ಲ ಪಕ್ಷಗಳೂ ಬಂದು ಹೋದವು.

ಅಮೆರಿಕದಿಂದ ಕಲಿಯಬೇಕಾದದ್ದು ಗಡುವು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದ 45 ದಿನಕ್ಕೆ, ಸರ್ಕಾರಕ್ಕೆ ಬೇಹುಗಾರಿಕೆಯ ಹೆಚ್ಚಿನ ಅಧಿಕಾರ ಕೊಡುವ ಪೇಟ್ರಿಯಾಟ್ ಕಾಯ್ದೆ ಬಂತು. ಸೆನೆಟ್‌ನಲ್ಲಿ ಬೇಡ ಅಂದವರು ಒಬ್ಬರೇ, ರಸ್ ಫೈನ್‌ಗೋಲ್ಡ್. ಅಂಥ ಸಿಟ್ಟಿನ ದಿನಗಳಲ್ಲೂ ಅದರ ಹಲವು ಸೆಕ್ಷನ್‌ಗಳು 2005ರ ಕೊನೆಗೆ ತಾವಾಗಿ ಮುಗಿಯಬೇಕು ಅಂತ ಬರೆದಿದ್ದರು. ಆಮೇಲೆ ಬಹುಪಾಲನ್ನು ಕಾಯಂ ಮಾಡಿದರು, ಅದು ಬೇಸರದ ಸಂಗತಿ. ಆದರೆ ಜನರ ಫೋನ್ ದಾಖಲೆಗಳನ್ನು ರಾಶಿಗಟ್ಟಲೆ ಕೂಡಿಡಲು ಬಳಸಿದ 215ನೇ ಸೆಕ್ಷನ್‌ಗೆ ಗಡುವು ಉಳಿದಿತ್ತು. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಸ್ನೋಡೆನ್ ಆ ಗುಟ್ಟನ್ನು ಹೊರಹಾಕಿದ ಮೇಲೆ, ಗಡುವು ಬಂದಾಗಲೆಲ್ಲ ಕಾಂಗ್ರೆಸ್‌ನಲ್ಲಿ ಜಗಳವಾಯಿತು. 2015ರಲ್ಲಿ ರಾಶಿ ಸಂಗ್ರಹ ನಿಲ್ಲಿಸುವ ಕಾನೂನು ಬಂತು. 2020ರ ಮಾರ್ಚ್‌ನಲ್ಲಿ ಆ ಸೆಕ್ಷನ್‌ನ ಗಡುವೇ ಮುಗಿಯಿತು. ಅಮೆರಿಕವನ್ನು ನಾನು ಹೊಗಳುತ್ತಿಲ್ಲ. ಭಯೋತ್ಪಾದನೆಯ ಶಂಕಿತರನ್ನು ಇಡುವ, ಕ್ಯೂಬಾದಲ್ಲಿರುವ ಗ್ವಾಂಟನಾಮೊ ಜೈಲು 2002ರಿಂದ ತೆರೆದೇ ಇದೆ, ಅಲ್ಲಿಗೆ ತಂದವರಲ್ಲಿ ಹೆಚ್ಚಿನವರ ಮೇಲೆ ಆರೋಪವನ್ನೇ ಹೊರಿಸಲಿಲ್ಲ. ಗ್ವಾಂಟನಾಮೊಗೆ ಗಡುವು ಇರಲಿಲ್ಲ, ಅದನ್ನು ಗಮನಿಸಿ.

ನಮ್ಮಲ್ಲೂ ಗಡುವು ಇತ್ತು. ಭಯೋತ್ಪಾದನೆ ತಡೆಯಲು ಮಾಡಿದ ಟಾಡಾ ಕಾಯ್ದೆ ಎರಡು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರುತ್ತಿತ್ತು. ವಿರೋಧ ಬೆಳೆದು 1995ರಲ್ಲಿ ಬಿದ್ದುಹೋಯಿತು. ಆಮೇಲೆ ಅದೇ ಉದ್ದೇಶಕ್ಕೆ ಬಂದ ಪೋಟಾ ಕಾಯ್ದೆ ರದ್ದಾದದ್ದು 2004ರಲ್ಲಿ. ಆದರೆ ಅದೇ ವರ್ಷ ಅದರ ಹಲವು ಅಂಶಗಳು ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯೊಳಗೆ ಹೋಗಿ ಕೂತವು. ಯುಎಪಿಎಗೆ ಗಡುವು ಇಲ್ಲ. ಮುಂಬೈ ದಾಳಿಯ ಮರುತಿಂಗಳೇ, 2008ರ ಡಿಸೆಂಬರ್‌ನಲ್ಲಿ, ಜಾಮೀನು ಕಷ್ಟ ಮಾಡುವ ಸೆಕ್ಷನ್ ಸೇರಿತು. ಆರೋಪಪಟ್ಟಿ ಹಾಕಲು ಪೊಲೀಸರಿಗೆ 180 ದಿನದವರೆಗೆ ಸಮಯ. ಮೇಲ್ನೋಟಕ್ಕೆ ಆರೋಪ ನಿಜ ಅನ್ನಿಸಿದರೆ ಜಾಮೀನಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆದರೆ, ನಿರಪರಾಧಿಯೂ ಶಿಕ್ಷೆ ಅನುಭವಿಸಿ ಮುಗಿಸಿರುತ್ತಾನೆ. ಹಾಗೆ ಎಳೆದಾಗ ಹೈಕೋರ್ಟ್, ಸುಪ್ರೀಂ ಕೋರ್ಟ್ ಜಾಮೀನು ಕೊಡಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ತನಕ ಹೋಗುವ ಶಕ್ತಿ ಎಲ್ಲರಿಗೂ ಎಲ್ಲಿದೆ?

ಇನ್ನೊಂದು ವ್ಯತ್ಯಾಸ ಮನಸ್ಸಿಗೆ ಹೆಚ್ಚು ತಟ್ಟುತ್ತದೆ. 1988ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಶಿಬಿರದಲ್ಲಿದ್ದವರ ಕ್ಷಮೆ ಕೇಳಿತು. ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಹಣಕ್ಕಿಂತ ಮುಖ್ಯವಾದ ಮಾತು ಆ ಕಾನೂನಿನಲ್ಲೇ ಇದೆ: ಇದಕ್ಕೆ ಭದ್ರತೆ ಕಾರಣವಾಗಿರಲಿಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ನಾಯಕರ ಸೋಲು ಕಾರಣ ಅಂತ.

ದೇವಲಿಯಿಂದ ಹೊರಬಂದವರಲ್ಲಿ ಎಷ್ಟೋ ಜನರ ಮನೆ, ಅಂಗಡಿಗಳನ್ನು ಅಷ್ಟರಲ್ಲಿ ಹರಾಜು ಹಾಕಿಯಾಗಿತ್ತು. ಹಲವರು ಕೆನಡಾಕ್ಕೆ ಹೋಗಿ ನೆಲೆಸಿದರು. ಅವರು ಭಾರತ ಸರ್ಕಾರದಿಂದ ಒಂದು ಕ್ಷಮೆಯ ಮಾತು ಕೇಳುತ್ತಾ ಬಂದಿದ್ದಾರೆ. ಶಿಬಿರದಲ್ಲಿ ಮಕ್ಕಳಾಗಿದ್ದ ಹಲವರಿಗೆ ಈಗ ಎಪ್ಪತ್ತು ದಾಟಿದೆ. ಸಂಸತ್ತಿನಲ್ಲಿ ಒಂದು ಗೊತ್ತುವಳಿ, ದೇವಲಿಯಲ್ಲಿ ಒಂದು ಕಲ್ಲು, ಪಠ್ಯಪುಸ್ತಕದಲ್ಲಿ ಒಂದು ಪುಟ. ಇಷ್ಟನ್ನು ಅವರು ಬದುಕಿರುವಾಗಲೇ ಮಾಡಬೇಕು.