ಮೂಗಿಗಿಂತ ಮೂಗುತಿ ಭಾರ

ನಮ್ಮ ಮನೆಯಲ್ಲಿ ಐದು ರೂಪಾಯಿಯ ಹಳೆಯ ದಪ್ಪ ನಾಣ್ಯ ಕಣ್ಣಿಗೆ ಬಿದ್ದರೆ ಮೊದಲು ಕೈ ಹಾಕುವವನು ನಾನು. ಖರ್ಚಿಗಲ್ಲ, ತೂಕಕ್ಕೆ. ಅದು 9 ಗ್ರಾಂ. ಆಮೇಲೆ ಬಂದ ಹಿತ್ತಾಳೆ ಬಣ್ಣದ್ದು 6 ಗ್ರಾಂ. ರಿಮೋಟಿನಿಂದ ಹಾರಿಸುವ ಫೋಮ್ ವಿಮಾನದ ಹುಚ್ಚು ಹಿಡಿದ ಮೇಲೆ ಈ ಲೆಕ್ಕ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಟ್ಟಿದೆ.

ಸ್ಟೇಷನರಿ ಅಂಗಡಿಯವರು 5 ಮಿ.ಮೀ. ಫೋಮ್ ಬೋರ್ಡ್ ಕಟ್ಟಿಕೊಡುತ್ತಾ "ಮಗೂದು ಸ್ಕೂಲ್ ಪ್ರಾಜೆಕ್ಟಾ ಸಾರ್?" ಎಂದು ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ನಲವತ್ತು ದಾಟಿದ ಗಂಡಸು ತನಗೇ ವಿಮಾನ ಮಾಡಿಕೊಳ್ಳುತ್ತಿದ್ದಾನೆ ಎಂದು ಹೇಳುವುದಕ್ಕೆ ಬೇರೆಯೇ ಧೈರ್ಯ ಬೇಕು. ಮೊದಲ ವಿಮಾನ ಮಾಡಿದ್ದು ಗಣೇಶನ ಮಂಟಪ ಬಿಚ್ಚಿದ ಥರ್ಮಾಕೋಲಿನಿಂದ. ರೆಕ್ಕೆ ಗಟ್ಟಿಯಾಗಿ ಅಂಟಲಿ ಎಂದು ಫೆವಿಕ್ವಿಕ್ ಹಾಕಿದೆ. ಅದು ಥರ್ಮಾಕೋಲನ್ನು ಕರಗಿಸುತ್ತದೆ ಎಂಬ ರಸಾಯನಶಾಸ್ತ್ರವನ್ನು ಅರ್ಧ ರೆಕ್ಕೆ ಕಳೆದುಕೊಂಡು ಕಲಿತೆ. ಬಿಳಿ ಕಾಳುಗಳು ಮಾತ್ರ ಸೋಫಾ, ಬೆಕ್ಕು, ಇವಳ ರೇಷ್ಮೆ ಸೀರೆ ಎಲ್ಲಕ್ಕೂ ಅಂಟಿಕೊಂಡು ದೀಪಾವಳಿಯವರೆಗೂ ಮನೆಯಲ್ಲಿದ್ದವು.

ಈಗಿನದು ನಾಲ್ಕನೆಯದು. ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಮೀಟರ್, ಅಗಲ 20 ಸೆಂ.ಮೀ. ಮೋಟಾರು, ಬ್ಯಾಟರಿ, ವಿಮಾನವನ್ನು ಅತ್ತಿತ್ತ ತಿರುಗಿಸುವ 9 ಗ್ರಾಮಿನ ಪುಟ್ಟ ಮೋಟಾರುಗಳಾದ ಸರ್ವೋಗಳು ಎಲ್ಲ ಸೇರಿ ಅರ್ಧ ಕಿಲೋ, ಅಂದರೆ ಹೆಚ್ಚುಕಡಿಮೆ ಒಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್. ರೆಕ್ಕೆಗೆ ವಿಮಾನದ ಸಹಜ ಉಬ್ಬು ಕೊಡಲು ನನಗೆ ಬರುವುದಿಲ್ಲ, ಹಾಗಾಗಿ ಮುಂದಿನ ಅರ್ಧಕ್ಕೆ ಇನ್ನೊಂದು ಪದರ ಫೋಮ್ ಅಂಟಿಸಿ ಮಧ್ಯದಲ್ಲಿ ಒಂದು ಮೆಟ್ಟಿಲು ಬಿಟ್ಟಿದ್ದೇನೆ. ಇದು ನನ್ನ ಸೋಮಾರಿತನವಲ್ಲ. ಅಮೆರಿಕದ ರಿಚರ್ಡ್ ಕ್ಲೈನ್ ಎಂಬಾತ ಗಾಳಿಗೆ ಹೆದರದ ಕಾಗದದ ವಿಮಾನ ಮಾಡಲು ಹೋಗಿ ಕಂಡುಕೊಂಡ ಉಪಾಯ. ಫ್ಲಾಯ್ಡ್ ಫೋಗಲ್‌ಮನ್ ಜತೆ ಸೇರಿ 1972ರಲ್ಲಿ ಪೇಟೆಂಟನ್ನೂ ಪಡೆದ. ದೊಡ್ಡ ವಿಮಾನಗಳಿಗೆ ಈ ಮೆಟ್ಟಿಲು ಒಗ್ಗಲಿಲ್ಲ. ನಮ್ಮಂಥ ಕಟ್ಟರ್-ಅಂಟಿನ ಎಂಜಿನಿಯರುಗಳು ಬಿಟ್ಟಿಲ್ಲ.

ಕತ್ತರಿಸಿ ಅಂಟಿಸುವುದು ಎರಡು ಸಂಜೆಯ ಕೆಲಸ. ಶ್ರುತಿ ಮಾಡುವುದೇ ತಿಂಗಳುಗಟ್ಟಲೆ. ಪ್ರೊಪೆಲರ್ ತಿರುಗುವ ರಭಸಕ್ಕೆ ವಿಮಾನ ಎಡಕ್ಕೆ ಎಳೆಯುತ್ತದೆ, ಅದಕ್ಕೆ ಮೋಟಾರನ್ನು ಎರಡು ಮೂರು ಡಿಗ್ರಿ ಬಲಕ್ಕೂ ಚೂರು ಕೆಳಕ್ಕೂ ಓರೆ ಮಾಡಿ ಕೂರಿಸಬೇಕು. ನೆಟ್ಟಗೆ ಕೂರಿಸಿದರೆ ಸೊಟ್ಟಗೆ ಹಾರುತ್ತದೆ, ಸೊಟ್ಟಗೆ ಕೂರಿಸಿದರೆ ನೆಟ್ಟಗೆ. ಇನ್ನು ವಿಮಾನ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಎಡ ಬಲ ಎರಡೂ ಅದಲುಬದಲು. ಯಾವ ರೆಕ್ಕೆ ಕೆಳಗೆ ವಾಲಿದೆಯೋ ಅದರ ಅಡಿಗೆ ಊರುಗೋಲು ಕೊಟ್ಟ ಹಾಗೆ ರಿಮೋಟಿನ ಕಡ್ಡಿಯನ್ನು ಆ ಕಡೆಗೇ ತಳ್ಳಬೇಕು ಎಂದು ಯಾರೋ ಪುಣ್ಯಾತ್ಮರು ಹೇಳಿಕೊಟ್ಟರು. ಅಲ್ಲಿಯವರೆಗೆ ನಾನು ಉರುಳಿಸಿದ ವಿಮಾನಗಳ ಲೆಕ್ಕ ಬೇಡ.

ಆದರೆ ಎಲ್ಲದರ ಗುಟ್ಟು ಇರುವುದು ತೂಕದ ಕೇಂದ್ರದಲ್ಲಿ. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಅಂದರೆ ನನ್ನದರಲ್ಲಿ 5ರಿಂದ ಆರೂವರೆ ಸೆಂ.ಮೀ. ಒಳಗೆ ಅದು ಬರಬೇಕು. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಎರಡು ಬೆರಳ ತುದಿಯ ಮೇಲೆ ವಿಮಾನವನ್ನು ಎತ್ತಿ ಹಿಡಿದರೆ ಮೂಗು ಒಂಚೂರು ತಗ್ಗಬೇಕು, ಮದುವೆ ಹೆಣ್ಣಿನ ಹಾಗೆ. ಬಾಲ ತಗ್ಗಿತೋ, ಕೆಟ್ಟಿತು. ಮೂಗು ಭಾರವಾದ ವಿಮಾನ ಕಷ್ಟಪಟ್ಟು ಹಾರುತ್ತದೆ, ಬಾಲ ಭಾರವಾದದ್ದು ಒಂದೇ ಸಲ ಹಾರುತ್ತದೆ ಅನ್ನುತ್ತಾರೆ ಈ ಹುಚ್ಚಿನವರು.

ಹುಡುಗನಾಗಿದ್ದಾಗ ಆಷಾಢದ ಗಾಳಿಗೆ ಪಟ ಹಾರಿಸಿದವನು ನಾನು. ಸೂತ್ರದ ಗಂಟು ಅರ್ಧ ಬೆರಳು ಅತ್ತಿತ್ತ ಆದರೂ ಪಟ ಗಿರಗಿರನೆ ಸುತ್ತಿ ಗೋತಾ ಹೊಡೆಯುತ್ತಿತ್ತು. ಆಗ ನಮ್ಮದು ಒಂದೇ ಮದ್ದು: ಅಮ್ಮನ ಹಳೇ ಸೀರೆ ಹರಿದು ಬಾಲಂಗೋಚಿ ಉದ್ದ ಮಾಡುವುದು. ಆ ಬುದ್ಧಿ ಇನ್ನೂ ಹೋಗಿಲ್ಲ. ಏನೇ ಕೆಟ್ಟರೂ ಬಾಲಕ್ಕೆ ಏನಾದರೂ ಮೆತ್ತಬೇಕು ಅನ್ನಿಸುತ್ತದೆ. ವಿಮಾನದ ಬಾಲ ರೆಕ್ಕೆಯಿಂದ ದೂರ, ಮೂಗು ಹತ್ತಿರ. ತಕ್ಕಡಿಯ ಉದ್ದನೆಯ ಕೈ ಅದು. ನನ್ನ ವಿಮಾನದಲ್ಲಿ ಬಾಲಕ್ಕೆ 1 ಗ್ರಾಂ ಮೆತ್ತಿದರೆ ಮೂಗಿಗೆ 3 ಗ್ರಾಂ ದಂಡ.

ಮಗಳಿಗೆ ಇದೆಲ್ಲ ಬೇಕಿಲ್ಲ. ಬಿಳೀ ವಿಮಾನ ಬೋಳು ಕಾಣುತ್ತೆ ಎಂದು ಬಾಲಕ್ಕೆ ನವಿಲುಗರಿ ಬರೆದಳು, ಪೋಸ್ಟರ್ ಬಣ್ಣ ಎರಡೆರಡು ಸಲ ಬಳಿದು. ಚೆನ್ನಾಗಿತ್ತು ಕೂಡ. ಹಿಂದಿನ ವಾರವೇ ಸೀಳಿದ್ದ ಬಾಲಕ್ಕೆ ನಾನು ಗ್ಲೂ ಗನ್ನಿನಿಂದ ಧಾರಾಳವಾಗಿ ಅಂಟು ಸುರಿದಿದ್ದೆ. ಕೊಯ್ಲಾದ ರಾಗಿ ಹೊಲದಲ್ಲಿ ನಿಂತು ಕೈಯಿಂದ ಎಸೆದೆ. ಮೂಗೆತ್ತಿತು, ಇನ್ನೂ ಎತ್ತಿತು, ನಾನು ತಗ್ಗಿಸಿದರೆ ನೆಲಕ್ಕೆ, ಬಿಟ್ಟರೆ ಆಕಾಶಕ್ಕೆ. ಮೂರು ಸಲ ಹಾಗೆ ಅಲೆಯ ಮೇಲೆ ತೇಲಿದಂತೆ ಆಡಿ, ಮೇಲೆ ಒಂದು ಕ್ಷಣ ನಿಂತು ಯೋಚಿಸಿ, ನವಿಲುಗರಿಯ ಸಮೇತ ಕೂಳೆಯೊಳಗೆ ನೆಟ್ಟುಕೊಂಡಿತು. ದನ ಮೇಯಿಸುತ್ತಿದ್ದ ಹುಡುಗ ಹತ್ತಿರ ಬಂದು ವಿನಯದಿಂದ ಕೇಳಿದ: "ಅಂಕಲ್, ಅದು ಇಳಿಯೋದು ಹಂಗೇನಾ?"

ಮನೆಗೆ ಬಂದು, ಇವಳು ಕೇಕಿಗೆಂದು ತಂದ ತಕ್ಕಡಿಯಲ್ಲಿ ತೂಗಿದರೆ ಬಣ್ಣ, ಅಂಟು ಸೇರಿ ಬಾಲ 12 ಗ್ರಾಂ ದಪ್ಪಗಾಗಿತ್ತು. ಬಣ್ಣ ಕೆರೆಯಲು ಮಗಳ ಮುಖ ನೋಡಿ ಧೈರ್ಯ ಬರಲಿಲ್ಲ. ಬ್ಯಾಟರಿಯನ್ನು ಮುಂದೆ ಸರಿಸೋಣವೆಂದರೆ ಅದು ಆಗಲೇ ಮೋಟಾರಿಗೆ ತಾಗಿ ಕೂತಿತ್ತು. ದೇವರ ಮನೆಯ ಡಬ್ಬಿಯಿಂದ ದಪ್ಪ ನಾಣ್ಯ ನಾಲ್ಕು ತೆಗೆದು ಮೂಗಿಗೆ ಟೇಪ್ ಸುತ್ತಿದೆ. 36 ಗ್ರಾಂ, ಲೆಕ್ಕ ಚುಕ್ತಾ.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ" ಅಂದರು ಅಮ್ಮ.

"ಇದಕ್ಕೆ ಹಂಗೇ ಆಗಬೇಕಮ್ಮ."

ಮುಂದಿನ ಭಾನುವಾರ ವಿಮಾನ ಕೈ ಬಿಟ್ಟ ಮೇಲೆ ಹಳಿಯ ಮೇಲೆ ಹೋದ ಹಾಗೆ ಹೋಯಿತು. ಒಂದು ಹದ್ದು ಬಂದು ಎರಡು ಸುತ್ತು ಜತೆಗೆ ಹಾರಿ, ತನ್ನ ಜಾತಿಯದಲ್ಲ ಎಂದು ಖಾತ್ರಿ ಮಾಡಿಕೊಂಡು ಹೋಯಿತು. ಆರು ನಿಮಿಷ ಹಾರಿಸಿ ಕೂಳೆಯ ಮೇಲೆ ಮೆತ್ತಗೆ ಇಳಿಸಿದೆ. ಹುಡುಗ ಅವತ್ತು ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಸೊಪ್ಪಿನವಳು. ಅಮ್ಮ ಡಬ್ಬಿ ಅಲ್ಲಾಡಿಸಿ ನೋಡಿ, ಅಟ್ಟದ ಕೊಕ್ಕೆಗೆ ನೇತುಹಾಕಿದ್ದ ವಿಮಾನದ ಕೆಳಗೆ ಬಂದು ನಿಂತರು.

"ಆ ಮೂಗುತಿ ಬಿಚ್ಚಿಕೊಡ್ತೀಯೋ, ಇಲ್ಲಾ ಅವಳಿಗೆ ನಾಳೆ ಬಾ ಅನ್ನಲೋ?"

ಜೇಬಿನಲ್ಲಿದ್ದದ್ದು ಐವತ್ತರ ನೋಟು. ಅವಳ ಹತ್ತಿರವೂ ಚಿಲ್ಲರೆ ಇರಲಿಲ್ಲ. ಆ ವಾರವಿಡೀ ನಮ್ಮ ಮನೆಯಲ್ಲಿ ಮೆಂತ್ಯ ಸೊಪ್ಪಿನದೇ ಪಲ್ಯ.